ಕುವಳಾಲಪುರಕ್ಕೆ ಒಂದು ದಿನ: ಇಂದಿನ ರಾಜಧಾನಿಯಿಂದ ಗಂಗರ ಮೊದಲ ರಾಜಧಾನಿಗೆ

ಗಂಗರ ಶಾಸನಗಳನ್ನು ಸ್ವಲ್ಪಮಟ್ಟಿಗೆ ಓದಿದವರಿಗೂ ‘ಕುವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಎರಡು ಬಿರುದುಗಳು ಪರಿಚಿತ. ಇವುಗಳಲ್ಲಿ ಮೊದಲನೆಯದು ಸೂಚಿಸುವ ಪಟ್ಟಣವೇ ಇಂದಿನ ಕೋಲಾರ. ಬೆಂಗಳೂರಿನಿಂದ ಪೂರ್ವಕ್ಕೆ, ಹಳೆಯ ಮದರಾಸು ರಸ್ತೆಯಲ್ಲಿ, ಸುಮಾರು 70 ಕಿಲೋಮೀಟರ್ ದೂರ. ಬೆಳಗ್ಗೆ ಹೊರಟು ರಾತ್ರಿಗೆ ಮನೆ ಸೇರಬಹುದಾದ ಅಂತರವಾದ್ದರಿಂದ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳು ಒಂದು ದಿನದ ಅಧ್ಯಯನ ಪ್ರವಾಸಕ್ಕೆ ಕೋಲಾರವನ್ನು ಆರಿಸಿಕೊಳ್ಳುವುದುಂಟು. ಹೀಗೆ ಹೊರಡುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಾಲಯ, ಅಂತರಗಂಗೆ, ಅವಕಾಶವಿದ್ದರೆ ಆವಣಿ, ಮುಳಬಾಗಿಲು, ಕುರುಡುಮಲೆ, ಕೊನೆಗೆ ಕೋಟಿಲಿಂಗ ಇರುತ್ತವೆ. ಪಟ್ಟಿ ಉದ್ದವಾಗಿದೆ. ಆದರೆ ಯಾರ ರಾಜಧಾನಿಯನ್ನು ನೋಡಲು ಹೊರಟಿದ್ದರೋ ಆ ಗಂಗರಿಗೆ ಸಂಬಂಧಿಸಿದ ಒಂದೇ ಒಂದು ಕಟ್ಟಡವೂ ಕೋಲಾರ ಪಟ್ಟಣದ ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸುವವರು ವಿರಳ.

ಇದು ಪ್ರವಾಸ ಯೋಜಿಸುವವರ ಅಜಾಗ್ರತೆಯಷ್ಟೇ ಅಲ್ಲ. ಕುವಳಾಲ ಕಲ್ಲಿಗಿಂತ ಹೆಚ್ಚಾಗಿ ಮಾತಿನಲ್ಲಿ ಉಳಿದಿರುವ ರಾಜಧಾನಿ. ಗಂಗರ ಆಡಳಿತಕೇಂದ್ರ ತಲಕಾಡಿಗೆ ಸರಿದ ಮೇಲೂ ಅರಸರು ತಮ್ಮನ್ನು ಕುವಳಾಲಪುರದ ಒಡೆಯರೆಂದೇ ಕರೆದುಕೊಂಡರು. 11ನೆಯ ಶತಮಾನದ ಆರಂಭದಲ್ಲಿ ಚೋಳರಿಗೆ ಸೋತು ಗಂಗರಾಜ್ಯವೇ ಇಲ್ಲವಾದ ಬಳಿಕ, ಇಂದಿನ ಶಿವಮೊಗ್ಗ ಸೀಮೆಯ ಮಂಡಲಿಯಲ್ಲಿ ಸಾಮಂತರಾಗಿದ್ದ ಗಂಗ ಮನೆತನದವರೂ ಅದೇ ಬಿರುದನ್ನು ಧರಿಸಿದರು. ಕೋಲಾರದಿಂದ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ, ಆ ಊರಿನ ಮೇಲೆ ಯಾವ ಅಧಿಕಾರವೂ ಇಲ್ಲದವರಿಗೂ ಅದರ ಹೆಸರು ಬೇಕಾಗಿತ್ತು. ಇದಕ್ಕೆ ಪ್ರತಿಯಾಗಿ, ಗಂಗರ ಆರಂಭಕಾಲದ ತಾಮ್ರಪಟಗಳಲ್ಲಿ ಈ ಬಿರುದಿನ ಸದ್ದಿಲ್ಲ. ಅದು ಬಳಕೆಗೆ ಬರುವುದು ನಂತರದ ಶತಮಾನಗಳಲ್ಲಿ. ಬಿಟ್ಟುಬಂದ ಊರು ಬಿಟ್ಟ ಮೇಲೆಯೇ ಹೆಚ್ಚು ನೆನಪಾದಂತಿದೆ. ಆದ್ದರಿಂದ ಕೋಲಾರದ ಒಂದು ದಿನವನ್ನು ಯೋಜಿಸುವ ವಿದ್ಯಾರ್ಥಿ ಮೊದಲು ತೀರ್ಮಾನಿಸಬೇಕಾದುದು ಎಷ್ಟು ಸ್ಥಳಗಳನ್ನು ನೋಡಬೇಕೆಂಬುದನ್ನಲ್ಲ, ಏನನ್ನು ಓದಿಕೊಂಡು ಹೋಗಬೇಕೆಂಬುದನ್ನು.

ಓದಬೇಕಾದ ಗ್ರಂಥ ಮೊದಲಿಗೆ ಒಂದೇ: ಬಿ.ಎಲ್. ರೈಸ್ ಸಂಪಾದಿಸಿ 1905ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೆಯ ಸಂಪುಟ. ಇದು ಅಂದಿನ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ. ಅಂದಿನ ಜಿಲ್ಲೆ ಇಂದಿನದಕ್ಕಿಂತ ದೊಡ್ಡದು. 2007ರಲ್ಲಿ ಪ್ರತ್ಯೇಕವಾದ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕುಗಳೂ ಅದರಲ್ಲಿ ಸೇರಿವೆ. ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆಯಲ್ಲಿ ಜೋಡಿಸಲಾಗಿದೆ. ಇಂದಿನ ಬಂಗಾರಪೇಟೆಯನ್ನು ‘ಬೌರಿಂಗ್‌ಪೇಟೆ’ ಎಂಬ ಹೆಸರಿನಡಿ ಹುಡುಕಬೇಕು. ರೈಸರ ಕಾಲನಿರ್ಣಯಗಳಲ್ಲಿ ಹಲವು ಈಗ ನಿಲ್ಲುವುದಿಲ್ಲ. ಆದಕಾರಣ ಗಂಗರ ಶಾಸನಗಳಿಗೆ 1984ರಲ್ಲಿ ಪ್ರಕಟವಾದ ಕೆ.ವಿ. ರಮೇಶ್ ಅವರ ಸಂಕಲನವನ್ನು ಜೊತೆಗಿಟ್ಟುಕೊಳ್ಳುವುದು ಒಳಿತು. ಹೊರಡುವ ಮುನ್ನ ಬೆಂಗಳೂರಿನಲ್ಲಿಯೇ ತಿಳಿಯಬೇಕಾದ ಗಂಗಶಿಲೆಗಳೂ ಇವೆ. ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಬೇಗೂರಿನ ವೀರಗಲ್ಲಿನಲ್ಲಿ ಗಂಗ ಎರೆಯಪ್ಪನ ಕಾಲದ ನಾಗತ್ತರನ ಕಾಳಗವಿದೆ. ಬೇಗೂರಿನ ದೇವಾಲಯದ ಆವರಣದಲ್ಲೇ ಇರುವ ಇನ್ನೊಂದು ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಒಂದು ಕಾಳಗದ ನೆಲೆಯಾಗಿ ಕಾಣಿಸಿಕೊಳ್ಳುತ್ತದೆ. ಗಂಗರ ದಾಖಲೆಗಳಲ್ಲಿ ಇಂದಿನ ರಾಜಧಾನಿ ಒಂದು ಹಳ್ಳಿ. ಕುವಳಾಲ ರಾಜವಂಶವನ್ನೇ ಗುರುತಿಸುವ ಹೆಸರು.

ಹೋಗುವ ದಾರಿ ಎರಡು. 1864ರಲ್ಲಿ ಬೆಂಗಳೂರು–ಜೋಲಾರಪೇಟೆ ನಡುವೆ ಹಾಕಿದ ರೈಲುಮಾರ್ಗ ಮಾಲೂರು, ಟೇಕಲ್, ಬಂಗಾರಪೇಟೆಗಳ ಮೂಲಕ ಸಾಗಿತು, ಕೋಲಾರವನ್ನು ಮುಟ್ಟಲಿಲ್ಲ. ಜಿಲ್ಲಾಕೇಂದ್ರಕ್ಕೆ ಬಂಗಾರಪೇಟೆಯಿಂದ ಕವಲುದಾರಿ ಬಂದುದು ಎಷ್ಟೋ ವರ್ಷಗಳ ನಂತರ. ರಸ್ತೆಯಾದರೋ ನೇರ: ಹೊಸಕೋಟೆ, ನರಸಾಪುರ, ಕೋಲಾರ. ಒಂದೇ ದಿನ ಇರುವಾಗ ರಸ್ತೆಯಿಂದ ಹೋಗಿ ಮಾಲೂರಿನ ಕಡೆಯಿಂದ ಹಿಂದಿರುಗುವುದೇ ಸರಿಯಾದ ಕ್ರಮ. ಅದರ ಕಾರಣ ಮುಂದೆ ಸ್ಪಷ್ಟವಾಗುತ್ತದೆ.

ಹೊಸಕೋಟೆಯಲ್ಲಿ ನಿಲ್ಲಬೇಕಾಗಿಲ್ಲ. ಸುಗಟೂರಿನ ತಮ್ಮೇಗೌಡ 16ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಊರು ಅದು, ಸುಗಟೂರು ಇರುವುದು ಕೋಲಾರ ತಾಲ್ಲೂಕಿನಲ್ಲಿ ಎಂಬಿಷ್ಟನ್ನು ನೆನೆದು ಮುಂದೆ ಸಾಗಬಹುದು. ನಿಲ್ಲಬೇಕಾದುದು ನರಸಾಪುರದಲ್ಲಿ. ಕೋಲಾರ ತಾಲ್ಲೂಕಿನ ಈ ಹೋಬಳಿ ಕೇಂದ್ರ ಇಂದು ಕೈಗಾರಿಕಾ ಪ್ರದೇಶವೆಂದೇ ಪ್ರಸಿದ್ಧ. ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳು, ಆಪಲ್ ಕಂಪನಿಯ ಮೊಬೈಲುಗಳು ಇಲ್ಲಿ ತಯಾರಾಗುತ್ತವೆ. ಬೆಳಗಿನ ಹೊತ್ತು ಹೆದ್ದಾರಿಯಲ್ಲಿ ಪ್ರವಾಸಿಗರ ವಾಹನಗಳಿಗಿಂತ ಪಾಳಿಯ ಕೆಲಸಗಾರರನ್ನು ಹೊತ್ತ ಬಸ್ಸುಗಳೇ ಹೆಚ್ಚು. ಇತಿಹಾಸದ ವಿದ್ಯಾರ್ಥಿಗೆ ಇಲ್ಲೇನಿದೆ ಎಂದು ಕೇಳಬಹುದು. ಇಲ್ಲೊಂದು ದೊಡ್ಡ ಕೆರೆಯಿದೆ. ನದಿಯ ಆಸರೆಯಿಲ್ಲದ ಈ ಸೀಮೆಯಲ್ಲಿ ಊರು, ಅಗ್ರಹಾರ, ಬಸದಿ, ಗುಡಿ ಎಲ್ಲವೂ ಕೆರೆಯ ಕೆಳಗೆ ಬೆಳೆದವು. ಶಾಸನಗಳ ದತ್ತಿಯ ಭಾಷೆ ಅರ್ಥವಾಗಬೇಕಾದರೆ ಕೆರೆಯ ಏರಿಯ ಮೇಲೆ ನಿಂತು ಒಮ್ಮೆ ಸುತ್ತ ನೋಡಬೇಕು: ಗದ್ದೆ ಯಾವುದು, ಬೆದ್ದಲು ಯಾವುದು, ತೂಬಿನ ನೀರು ಎಲ್ಲಿಯವರೆಗೆ ಹರಿಯುತ್ತದೆ ಎಂದು. ಬಹುಕಾಲ ಬತ್ತಿದ್ದ ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರು ಬರುತ್ತಿದೆ. ನರಸಾಪುರದ ಕೆರೆಯೂ ಆ ಸರಣಿಯಲ್ಲಿ ಸೇರಿದೆ. ಇಂದಿನ ರಾಜಧಾನಿ ಬಳಸಿ ಬಿಟ್ಟ ನೀರು ಹಳೆಯ ರಾಜಧಾನಿಯ ಸೀಮೆಯ ಕೆರೆಗಳನ್ನು ತುಂಬುತ್ತಿದೆ. ಆ ನೀರಿನ ಗುಣಮಟ್ಟದ ಬಗ್ಗೆ ಜಿಲ್ಲೆಯಲ್ಲಿ ನಡೆದ ವಾದವಿವಾದ, ನ್ಯಾಯಾಲಯಗಳ ಮೆಟ್ಟಿಲೇರಿದ ವ್ಯಾಜ್ಯ ಈ ಲೇಖನದ ವ್ಯಾಪ್ತಿಗೆ ಹೊರಗಿನವು.

ನರಸಾಪುರದಲ್ಲಿ ನಿಲ್ಲುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಾರ್ಖಾನೆ, ಬಡಾವಣೆ, ಅಗಲಗೊಂಡ ರಸ್ತೆಗಳಿಗಾಗಿ ನೆಲ ಸಮಗೊಳ್ಳುವ ಕಡೆ ಹೊಲದ ಬದುವಿನ ಕಲ್ಲು ತನ್ನ ಸ್ಥಳದಲ್ಲೇ ಉಳಿಯುತ್ತದೆಂಬ ಭರವಸೆಯಿಲ್ಲ. ವೀರಗಲ್ಲು, ಮಾಸ್ತಿಕಲ್ಲು, ದತ್ತಿಯ ಗಡಿಕಲ್ಲುಗಳಿಗೆ ಅರ್ಥವಿರುವುದು ಅವು ನಿಂತ ಸ್ಥಳದಿಂದಲೇ. ದೇವಾಲಯದ ಅಂಗಳಕ್ಕೆ ತಂದು ಒರಗಿಸಿಟ್ಟರೆ ಶಿಲ್ಪ ಉಳಿಯುತ್ತದೆ, ಗಡಿ ಅಳಿಯುತ್ತದೆ. ರೈಸರ ಸಂಪುಟದಲ್ಲಿ ‘ಊರ ಮುಂದಿನ ಹೊಲದಲ್ಲಿ’ ಎಂಬರ್ಥದ ಟಿಪ್ಪಣಿಯಿರುವ ಶಾಸನಗಳನ್ನು ಇಂದಿನ ನೆಲದೊಂದಿಗೆ ಹೋಲಿಸಿ ನೋಡುವ ಕೆಲಸ ಒಂದೊಂದು ಹೋಬಳಿಗೆ ಒಬ್ಬೊಬ್ಬ ವಿದ್ಯಾರ್ಥಿಯಂತೆ ಹಂಚಿಕೊಂಡರೆ ಆಗಬಹುದಾದದ್ದು. ಪದವಿಗಾಗಿ ಬರೆಯುವ ಎಷ್ಟೋ ಪ್ರಬಂಧಗಳಿಗಿಂತ ಅದು ಹೆಚ್ಚು ಉಪಯುಕ್ತ.

ಕೋಲಾರವನ್ನು ಎಂಟು ಗಂಟೆಯ ಒಳಗೆ ಸೇರುವುದು ಉಚಿತ. ಗೋಡೆಯ ಶಾಸನಗಳನ್ನು ಓದಲು ಓರೆಯಾಗಿ ಬೀಳುವ ಬೆಳಕು ಬೇಕು. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರ ಕಲ್ಲಿನೊಳಗೇ ಅಡಗಿಬಿಡುತ್ತದೆ. ಮಧ್ಯಾಹ್ನ ಗುಡಿಯ ಬಾಗಿಲು ಹಾಕುವುದೂ ಉಂಟು. ಮೊದಲು ಹೋಗಬೇಕಾದುದು ಕೋಲಾರಮ್ಮನ ಗುಡಿಗೆ. ಗುಡಿಯ ಗೋಡೆಗಳ ತುಂಬ ಇರುವುದು ಚೋಳರ ಕಾಲದ ತಮಿಳು ಶಾಸನಗಳು. ಕನ್ನಡದ ವಿದ್ಯಾರ್ಥಿ ಇಲ್ಲಿ ಒಮ್ಮೆ ತಬ್ಬಿಬ್ಬಾಗುತ್ತಾನೆ: ಕನ್ನಡದ ಮೊದಲ ರಾಜವಂಶಗಳಲ್ಲೊಂದರ ರಾಜಧಾನಿಯಲ್ಲಿ ಅವನನ್ನು ಎದುರುಗೊಳ್ಳುವುದು ತಮಿಳು. ತಮಿಳು ಲಿಪಿ ಬಲ್ಲ ಒಬ್ಬರು ತಂಡದಲ್ಲಿರುವುದು ಆದ್ದರಿಂದ ಅಗತ್ಯ. ಚೋಳರು ಈ ಸೀಮೆಯನ್ನು ‘ನಿಗರಿಲಿಚೋಳಮಂಡಲ’ವೆಂದು ಹೊಸದಾಗಿ ಹೆಸರಿಸಿದರೂ ‘ಕುವಳಾಲನಾಡು’ ಎಂಬ ಹಳೆಯ ಹೆಸರನ್ನು ಅದರೊಳಗೆ ಉಳಿಸಿಕೊಂಡರು. ಇಂದು ಕೋಲಾರಮ್ಮ ಎನಿಸಿದ ದೇವಿಯನ್ನು ಶಾಸನಗಳು ‘ಪಿಡಾರಿಯಾರ್’ ಎನ್ನುತ್ತವೆ. ಗರ್ಭಗುಡಿಯ ದೇವಿಯನ್ನು ಕನ್ನಡಿಯಲ್ಲಿ ನೋಡುವ ಪದ್ಧತಿ, ಚೇಳಿನ ಭಯ ನೀಗುವ ಚೇಳಮ್ಮನ ಸನ್ನಿಧಿ, ರಾಜೇಂದ್ರ ಚೋಳನದೆಂದು ಹೇಳಲಾಗುವ ಯುದ್ಧದೃಶ್ಯದ ಶಿಲಾಫಲಕ ಎಲ್ಲರೂ ನೋಡುವಂಥವು. ವಿದ್ಯಾರ್ಥಿಗಳು ಬಿಡದೆ ನೋಡಬೇಕಾದುದು ಬೇರೆ: ಮೊದಲು ಇಟ್ಟಿಗೆಯದಾಗಿದ್ದ ಗುಡಿಯನ್ನು ರಾಜೇಂದ್ರ ಚೋಳನ ಆಳಿಕೆಯಲ್ಲಿ ಕಲ್ಲಿನದಾಗಿಸಿದ ಸಂಗತಿಯನ್ನು ತಿಳಿಸುವ ಶಾಸನ.

ಈ ಒಂದು ಸಂಗತಿ ಕೋಲಾರದ ಮೂಲ ಪ್ರಶ್ನೆಗೆ ಅರ್ಧ ಉತ್ತರ. ಗಂಗರ ಆರಂಭಕಾಲದ ಕಟ್ಟಡಗಳು ಇಟ್ಟಿಗೆ, ಮರ, ಮಣ್ಣಿನವು. ಅವುಗಳ ಮೇಲೆ ಕಲ್ಲು ಬಂದಿತು. ಕಲ್ಲಿನೊಂದಿಗೆ ಹೊಸ ಅರಸರ ಹೆಸರೂ ಬಂದಿತು. ಗಂಗರ ಕೋಲಾರ ಇಲ್ಲವಾದುದಲ್ಲ, ಅಡಿಯಲ್ಲಿ ಸಿಕ್ಕಿಕೊಂಡಿದೆ. ಜನವಸತಿ ಎಡೆಬಿಡದೆ ಮುಂದುವರಿದ ಊರುಗಳಲ್ಲಿ ಇದು ಸಹಜ.

ಸನಿಹದಲ್ಲೇ ಇರುವ ಸೋಮೇಶ್ವರ ದೇವಾಲಯ ವಿಜಯನಗರ ಕಾಲದ ಚೆಲುವಾದ ರಚನೆ. ಅದರ ಗೋಪುರ, ಕಲ್ಯಾಣಮಂಟಪದ ಕಂಬಗಳಿಗೆ ಒಂದು ಗಂಟೆ ಸಾಲದು. ಆದರೂ ಇದು ಗಂಗರನ್ನು ಅರಸಿ ಬಂದ ದಿನವಾದುದರಿಂದ ಅಲ್ಲಿ ತಡಮಾಡುವಂತಿಲ್ಲ. ಹೈದರಾಲಿಯ ತಂದೆ ಫತೇ ಮುಹಮ್ಮದನ ಸಮಾಧಿಯಿರುವ ಮಕ್ಬರಾ ಪಟ್ಟಣದಲ್ಲೇ ಇದೆ. 1782ರಲ್ಲಿ ಚಿತ್ತೂರಿನ ಬಳಿ ಹೈದರಾಲಿ ತೀರಿಕೊಂಡಾಗ ಅವನ ದೇಹವನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವ ಮೊದಲು ಇಲ್ಲಿಯೇ ಇರಿಸಲಾಗಿತ್ತು. ಊರಿನ ಪಕ್ಕದ ಶತಶೃಂಗ ಬೆಟ್ಟದಲ್ಲಿ ಬಸವನ ಬಾಯಿಂದ ನೀರು ಬೀಳುವ ಅಂತರಗಂಗೆ. ಪರಶುರಾಮನು ಕಾರ್ತವೀರ್ಯನನ್ನು ಕೊಂದಾಗ ಎದ್ದ ಕೋಲಾಹಲದಿಂದ ‘ಕೋಲಾಹಲಪುರ’ ಎಂಬ ಹೆಸರು ಬಂದಿತೆಂಬ ಸ್ಥಳಪುರಾಣ ಈ ಬೆಟ್ಟದೊಂದಿಗೆ ಬೆಸೆದಿದೆ. ‘ಕುವಳಾಲ’ವು ‘ಕೊಳಾಲ’ವಾಗಿ ‘ಕೋಲಾರ’ವಾದುದಕ್ಕೆ ಪುರಾಣದ ನೆರವು ಬೇಕಿಲ್ಲ; ಹೆಸರಿನ ಅರ್ಥ ಮರೆತ ಮೇಲೆ ಸಂಸ್ಕೃತದಲ್ಲಿ ಹೊಸ ಅರ್ಥ ಕಟ್ಟಿಕೊಳ್ಳುವುದು ನಮ್ಮ ಊರುಗಳ ರೂಢಿ. ಅಂದಹಾಗೆ, ಇದೇ ವೈರದ ಕಥೆ ಜೈನ ಪುರಾಣಗಳಲ್ಲಿ ಸುಭೌಮ ಚಕ್ರವರ್ತಿಯ ಚರಿತೆಯಾಗಿ ಮುಂದುವರಿಯುತ್ತದೆ. ಅಲ್ಲಿ ಕೊನೆಗೆ ಅಳಿಯುವವನು ಪರಶುರಾಮ.

ಮಧ್ಯಾಹ್ನದ ಹೊತ್ತಿಗೆ ಪ್ರವಾಸಿ ಎದುರಿಸುವ ಆಮಿಷವೊಂದಿದೆ. ಆವಣಿಯಲ್ಲಿ ನೊಳಂಬರ ಕಾಲದ ದೇವಾಲಯಗಳ ಗುಚ್ಛವಿದೆ, ಮುಳಬಾಗಿಲು ಶ್ರೀಪಾದರಾಜರ ನೆಲೆ, ಡಿ.ವಿ.ಜಿ. ಅವರ ಹುಟ್ಟೂರು, ಇನ್ನಷ್ಟು ಪೂರ್ವಕ್ಕೆ ಹೋಗಿಬಿಡೋಣ ಎನಿಸುತ್ತದೆ. ಹೋಗಬಾರದು. ಆವಣಿಗೇ ಒಂದು ಇಡೀ ದಿನ ಬೇಕು. ಅರ್ಧ ಗಂಟೆಯಲ್ಲಿ ನೋಡಿದ ಆವಣಿ ಚಿತ್ರಕ್ಕೆ ಒದಗುತ್ತದೆಯೇ ಹೊರತು ಅಧ್ಯಯನಕ್ಕಲ್ಲ. ಅದಕ್ಕೆ ಬದಲಾಗಿ ದಕ್ಷಿಣಕ್ಕೆ ತಿರುಗಿ ಮಾಲೂರಿನ ಹಾದಿ ಹಿಡಿಯಬೇಕು. ಪಟ್ಟಣದ ದಕ್ಷಿಣಕ್ಕಿರುವ ನೊಣಮಂಗಲದಲ್ಲಿ 1897ರಲ್ಲಿ ಒಂದು ಜಿನಾಲಯದ ತಳಪಾಯ ಬೆಳಕಿಗೆ ಬಂದಿತು. ಅದರೊಂದಿಗೆ ಹಿತ್ತಾಳೆಯ ಬಿಂಬಗಳು, ವಾದ್ಯಗಳು ಮತ್ತು ಗಂಗರ ತಾಮ್ರಪಟಗಳು ದೊರೆತವು. ಇಂದು ಅಲ್ಲಿ ಕಣ್ಣಿಗೆ ಕಟ್ಟುವಂಥ ಕಟ್ಟಡವೇನೂ ಇಲ್ಲ. ಪ್ರವಾಸದ ಯಾವ ಪಟ್ಟಿಯಲ್ಲೂ ಈ ಹೆಸರು ಕಾಣದಿರುವುದು ಅದಕ್ಕಾಗಿಯೇ. ಆದರೆ ಕುವಳಾಲದ ಗಂಗರಿಗೆ ಅತಿ ಸಮೀಪದ ಸಾಕ್ಷ್ಯ ದೊರೆತ ನೆಲ ಇದೇ.

ಪಟಗಳು ಎರಡು ದಾನಗಳನ್ನು ದಾಖಲಿಸುತ್ತವೆ. ಮೊದಲನೆಯದರಲ್ಲಿ ಮಾಧವನು, ಅಂದರೆ ಅವಿನೀತನ ತಂದೆ ತಡಂಗಾಲ ಮಾಧವನು, ಆಚಾರ್ಯ ವೀರದೇವನ ಉಪದೇಶದಂತೆ ಪೆರ್ಬೊಳಲ್ ಎಂಬಲ್ಲಿನ ಅರ್ಹದಾಯತನಕ್ಕೆ ಭೂಮಿಯನ್ನೂ ಕುಮಾರಪುರವೆಂಬ ಗ್ರಾಮವನ್ನೂ ಕೊಡುತ್ತಾನೆ. ಎರಡನೆಯದರಲ್ಲಿ ಅವಿನೀತನು ತನ್ನ ಆಳಿಕೆಯ ಮೊದಲ ವರ್ಷದಲ್ಲಿ, ಗುರು ವಿಜಯಕೀರ್ತಿಯ ಮಾತಿನಂತೆ, ಮೂಲಸಂಘದ ಚಂದ್ರನಂದಿ ಮೊದಲಾದವರು ಸ್ಥಾಪಿಸಿದ ಉರನೂರಿನ ಅರ್ಹದಾಯತನಕ್ಕೆ ವೆನ್ನೆಲ್ಕರಣಿ ಗ್ರಾಮವನ್ನು ದತ್ತಿ ಬಿಡುತ್ತಾನೆ. ಅಲ್ಲದೆ ಪೇರೂರಿನ ಇನ್ನೊಂದು ಅರ್ಹದಾಯತನಕ್ಕೆ ಹೊರಸುಂಕದ ಕಾರ್ಷಾಪಣದಲ್ಲಿ ನಾಲ್ಕನೆಯ ಒಂದು ಭಾಗವನ್ನು ಕೊಡುತ್ತಾನೆ. ರೈಸ್ ಇವುಗಳನ್ನು ಕ್ರಿ.ಶ. 370 ಮತ್ತು 425ರ ಸುಮಾರಿಗೆ ಇರಿಸಿದ್ದರು. ನಂತರದ ವಿದ್ವಾಂಸರು ಅವಿನೀತನ ಕಾಲವನ್ನು ಇನ್ನೂ ಈಚೆಗೆ ತಂದಿದ್ದಾರೆ. ಹೇಗೆ ನೋಡಿದರೂ ಕರ್ನಾಟಕದ ಅತಿ ಪ್ರಾಚೀನ ಜೈನ ದತ್ತಿಗಳಲ್ಲಿ ಇವು ಸೇರುತ್ತವೆ.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಬೇರೊಂದು ಲಾಭವಿದೆ. ಪಟಗಳ ಭಾಷೆ ಸಂಸ್ಕೃತ. ಆದರೆ ಊರುಗಳ ಹೆಸರಿಗೆ ಬಂದಾಗ ಲಿಪಿಕಾರ ನೆಲದ ಮಾತನ್ನು ಹಾಗೆಯೇ ಇಳಿಸಬೇಕಾಯಿತು. ‘ಪೆರ್ಬೊಳಲ್’ ಎಂದರೆ ಹಿರಿಯ ಪೊಳಲ್, ದೊಡ್ಡ ಪಟ್ಟಣ. ಪಂಪನ ಕಾಲಕ್ಕೂ ಜೀವಂತವಾಗಿದ್ದ ‘ಪೊಳಲ್’ ಶಬ್ದ ಅದಕ್ಕಿಂತ ಹಲವು ಶತಮಾನ ಹಿಂದೆ ಸಮಾಸದಲ್ಲಿ ಪಕಾರವನ್ನು ಬಕಾರವಾಗಿಸಿಕೊಂಡು ನಿಂತಿದೆ. ವ್ಯಾಕರಣದ ತರಗತಿಯಲ್ಲಿ ಆದೇಶಸಂಧಿಯ ಉದಾಹರಣೆಯಾಗಿ ಕಲಿಯುವುದು ಇಲ್ಲಿ ತಾಮ್ರದ ಮೇಲೆ ಸಿಗುತ್ತದೆ. ಹಲ್ಮಿಡಿ ಶಾಸನವೊಂದನ್ನೇ ಹಿಡಿದು ಆರಂಭದ ಕನ್ನಡವನ್ನು ವಿವರಿಸುವವರು ಸಂಸ್ಕೃತ ತಾಮ್ರಪಟಗಳ ಈ ಸ್ಥಳನಾಮಗಳ ಕಡೆಗೆ ಸಾಕಷ್ಟು ನೋಡಿಲ್ಲ. ಸುಂಕದ ಮಾತೂ ಚಿಂತನಾರ್ಹ. ದಾರಿಯ ಸರಕಿನ ಮೇಲೆ ಅರಸನಿಗೆ ಬರುವ ಹಣದಲ್ಲಿ ಬಸದಿಗೆ ಪಾಲು ಕೊಡಬೇಕಾದರೆ ಆ ದಾರಿಯಲ್ಲಿ ವರ್ತಕರ ಸಂಚಾರ ದಟ್ಟವಾಗಿಯೇ ಇದ್ದಿರಬೇಕು. ಬೆಳಗ್ಗೆ ಹೆದ್ದಾರಿಯಲ್ಲಿ ಸುಂಕ ತೆತ್ತು ಬಂದವರಿಗೆ ಇದು ದೂರದ ಸಂಗತಿಯಾಗಿ ತೋರದು.

ಈಗ ಸಿಂಹನಂದಿ ಆಚಾರ್ಯರ ಕಥೆ. ದಡಿಗ ಮತ್ತು ಮಾಧವ ಎಂಬ ಇಬ್ಬರು ರಾಜಕುಮಾರರು ಪೇರೂರಿಗೆ ಬಂದು ಆಚಾರ್ಯರನ್ನು ಕಂಡುದು, ಮಾಧವನು ಕತ್ತಿಯ ಒಂದೇ ಏಟಿಗೆ ಶಿಲಾಸ್ತಂಭವನ್ನು ತುಂಡರಿಸಿದುದು, ಆಚಾರ್ಯರು ಪಿಂಛವನ್ನೇ ಧ್ವಜವಾಗಿಸಿ ರಾಜ್ಯ ಕರುಣಿಸಿದುದು, ಜಿನಶಾಸನಕ್ಕೆ ತಪ್ಪಿದರೆ, ಪರಸ್ತ್ರೀಯನ್ನು ಬಯಸಿದರೆ, ಮಧುಮಾಂಸ ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಓಡಿದರೆ ಕುಲ ಕೆಡುವುದೆಂದು ಎಚ್ಚರಿಸಿದುದು, ನಂದಗಿರಿ ಕೋಟೆಯಾಗಿ, ಕುವಳಾಲ ಪಟ್ಟಣವಾಗಿ, ತೊಂಬತ್ತಾರು ಸಾಸಿರದ ಗಂಗವಾಡಿ ನಾಡಾಗಿ ನೆಲೆಗೊಂಡುದು – ಇವೆಲ್ಲ ವಿವರವಾಗಿ ಬರುವುದು 12ನೆಯ ಶತಮಾನದ ಕಲ್ಲೂರುಗುಡ್ಡದ ಶಾಸನದಲ್ಲಿ. ಅಂದರೆ ಘಟನೆಯಿಂದ ಸುಮಾರು ಎಂಟು ನೂರು ವರ್ಷ ಈಚೆಗೆ, ಅದೇ ಮಂಡಲಿ ಗಂಗರ ಶಾಸನದಲ್ಲಿ. ಕುವಳಾಲದ ಬಿರುದನ್ನು ಜತನದಿಂದ ಕಾಪಾಡಿಕೊಂಡವರೇ ಈ ಕಥೆಯನ್ನೂ ಕಾಪಾಡಿಕೊಂಡರು. ನೊಣಮಂಗಲದ ಪಟಗಳಲ್ಲಿ ಸಿಂಹನಂದಿಯಿಲ್ಲ. ವೀರದೇವ, ವಿಜಯಕೀರ್ತಿ, ಚಂದ್ರನಂದಿಗಳಿದ್ದಾರೆ. ಗಂಗರ ವಂಶಾವಳಿಗಳು ಇದೇ ತಡಂಗಾಲ ಮಾಧವನನ್ನು ತ್ರ್ಯಂಬಕನ ಭಕ್ತನೆಂದೂ ಅವನ ತಂದೆ ವಿಷ್ಣುಗೋಪನನ್ನು ನಾರಾಯಣನ ಭಕ್ತನೆಂದೂ ವರ್ಣಿಸುತ್ತವೆ. ಶಿವಭಕ್ತನಾದ ಅರಸ ಜೈನಾಚಾರ್ಯರ ಮಾತಿಗೆ ಬೆಲೆಕೊಟ್ಟು ಜಿನಾಲಯಕ್ಕೆ ಊರು ಬಿಟ್ಟನೆಂಬುದು, ಗಂಗರಾಜ್ಯ ಮೊದಲ ದಿನದಿಂದಲೂ ಜೈನರಾಜ್ಯವಾಗಿತ್ತೆಂಬ ಸರಳ ಹೇಳಿಕೆಗಿಂತ ಹೆಚ್ಚು ಗಟ್ಟಿಯಾದ ನೆಲೆ. ಜೈನ ಪರಂಪರೆಗೂ ಹೆಚ್ಚು ಗೌರವ ತರುವಂಥದು. ಕಥೆಯ ಪೇರೂರನ್ನೂ ಪಟದ ಪೇರೂರನ್ನೂ ಒಂದೇ ಎಂದು ಆತುರದಿಂದ ಸಮೀಕರಿಸುವುದೂ ಸಲ್ಲದು. ‘ದೊಡ್ಡ ಊರು’ ಎಂಬರ್ಥದ ಹೆಸರು ದಕ್ಷಿಣದಲ್ಲಿ ಹತ್ತಾರು ಊರುಗಳಿಗೆ ಇತ್ತು.

ನೊಣಮಂಗಲದಿಂದ ಮಾಲೂರಿನ ರೈಲು ನಿಲ್ದಾಣಕ್ಕೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಇದು ಮಾಸ್ತಿ ವೆಂಕಟೇಶ ಅಯ್ಯಂಗಾರರ ತಾಲ್ಲೂಕು. ಅವರ ಹೆಸರಾದ ಊರಿಗೆ ಆ ಹೆಸರು ಬಂದುದು ಮಹಾಸತಿಯ ಕಲ್ಲಿನಿಂದ. ಬಿರುದಿನ ಉಳಿದರ್ಧವಾದ ನಂದಗಿರಿಗೆ ಮತ್ತೊಂದು ದಿನ ಬೇಕು. ಅದರ ದಾರಿ ದೇವನಹಳ್ಳಿಯ ಮೇಲಿನದು. ಅಲ್ಲಿ ಮೊದಲು ಹತ್ತಬೇಕಾದುದು ಎಲ್ಲರೂ ಹತ್ತುವ ಬೆಟ್ಟವನ್ನಲ್ಲ. ಅದರ ಪಕ್ಕದ ಗೋಪಿನಾಥ ಬೆಟ್ಟವನ್ನು. ದಾಶರಥಿ ರಾಮ ಕಟ್ಟಿಸಿ ಕುಂತಿ ಜೀರ್ಣೋದ್ಧಾರ ಮಾಡಿಸಿದಳೆಂದು ಹೇಳಿಕೊಳ್ಳುವ ಅರ್ಹಚ್ಚೈತ್ಯವೊಂದರ ಸಂಸ್ಕೃತ ಶಾಸನ ಆ ಬೆಟ್ಟದಲ್ಲಿದೆ.